ಹುಲಿಗೆವ್ವನ ಮೂರು ಬಾವುಟ

ಬಾ ಇಲ್ಲಿ, ಮಲಕ್ಕೋ. ಗೋಡೆ ಕಡೆ ಮುಖ ಮಾಡಿದ್ರೆ ನಾನು ಗೋಡೆಗೆ ಕತೆ ಹೇಳ್ಬೇಕಾಗುತ್ತೆ, ಈ ಕಡೆ ತಿರುಗು. ಪಕ್ಕದ್ಮನೆ ರತ್ನಿ ಹತ್ರ ಟೂ ಬಿಟ್ಟಿದೀಯಂತೆ, ಅವಳಾಗೇ ಬಂದು ಮಾತಾಡಿಸೋ ತನಕ ನೀನು ತುಟಿ ಬಿಚ್ಚಲ್ವಂತೆ, ನಿಮ್ಮಮ್ಮ ಹೇಳಿದ್ಲು. ನಾನೇನೂ ಕೇಳಲ್ಲ ಬಿಡವ್ವ, ನಿಮ್ಮ ವ್ಯವಹಾರ ನಿಮಗೆ. ಕಾಲು ಹೊದಿಕೆ ಒಳಗೆ ಎಳ್ಕೋ. ಹೂಂ ಅಂತಿರ್ಬೇಕು ಮತ್ತೆ, ನೀನು ಹೂಂ ಅನ್ನೋದು ನಿಲ್ಲಿಸಿದ್ರೆ ನಾನೂ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಹೊಳೆಗೆ ಸೇತುವೆ ಅನ್ನೋದೇ ಇಲ್ಲದ ಕಾಲದಲ್ಲಿ, ಒಂದು ದೊಡ್ಡ ಹೊಳೆ ಇತ್ತಂತೆ. ಎಷ್ಟು ದೊಡ್ಡದು ಅಂದ್ರೆ ಈ ದಡದಲ್ಲಿ ನಿಂತು ಗಂಟಲು ಹರಿಯೋ ಹಾಗೆ ಕೂಗಿದ್ರೂ ಆ ದಡಕ್ಕೆ ಕೇಳ್ತಿರಲಿಲ್ಲವಂತೆ. ಆ ಹೊಳೆ ನಟ್ಟನಡುವೆ ಒಂದು ನಡುಗಡ್ಡೆ, ಉದ್ದಕ್ಕೆ ಮಲಗಿದ ಮೊಸಳೆ ಥರ. ಅದರ ತಲೆ ಕಡೆ ದಿಬ್ಬ, ದಿಬ್ಬದ ಮೇಲೆ ಒಂದೇ ಒಂದು ಗುಡಿಸಲು, ಗುಡಿಸಲ ಮುಂದೆ ಒಂದು ಬಾವುಟದ ಕಂಬ. ಬಾಲದ ಕಡೆ ಪೂರ್ತಿ ಮರಳು. ಮಧ್ಯದಲ್ಲಿ ಕಲ್ಲಂಗಡಿ ಬಳ್ಳಿ. ಅಲ್ಲಿ ಒಬ್ಬ ಅಂಬಿಗ ಇದ್ನಂತೆ, ಅವನಿಗೆ ಮೂರು ಜನ ಗಂಡುಮಕ್ಕಳು, ಕನಕಪ್ಪ, ಯಮನೂರಪ್ಪ, ದುರಗಪ್ಪ ಅಂತ. ಮೂವರ ಬೆನ್ನಿಗೆ ಒಬ್ಬಳೇ ಹೆಣ್ಣುಮಗಳು, ಹುಲಿಗೆವ್ವ ಅಂತ. ತಾಯಿ ಇರಲಿಲ್ಲ. ಹುಡುಗಿ ಹೆಸರಿಗೆ ತಕ್ಕ ಹಾಗೇ ಇದ್ಲು, ಮೂಗಿನ ತುದೀಲೇ ಕೋಪ. ನಿನ್ನ ಹಾಗೇ ಅಂತ ನಾನೇನೂ ಹೇಳ್ಲಿಲ್ಲ.

ಆ ಕಂಬ ಯಾಕೆ ಅಂದ್ರೆ, ಆ ಹೊಳೆ ಜನಕ್ಕೆ ಒಂದು ಪದ್ಧತಿ ಇತ್ತಂತೆ. ನಡುಗಡ್ಡೆಯಿಂದ ಯಾರನ್ನಾದ್ರೂ ಕರೀಬೇಕು ಅಂದ್ರೆ ಬಾವುಟ ಏರಿಸೋದು, ಅದನ್ನ ನೋಡಿ ದಡದಿಂದ ಹರಿಗೋಲು ಬಿಡೋದು. ಹರಿಗೋಲು ಗೊತ್ತಲ್ಲ, ಬಿದಿರು ಹೆಣೆದು ಮೇಲೆ ಚರ್ಮ ಹೊಲಿದ ದುಂಡನೆ ದೋಣಿ, ದೊಡ್ಡ ಬುಟ್ಟಿ ನೀರಿಗೆ ಬಿಟ್ಟ ಹಾಗೆ ಇರುತ್ತೆ. ಅಪ್ಪ ಇರೋವರೆಗೂ ಆ ಕಂಬಕ್ಕೆ ಕೆಲಸವೇ ಇರಲಿಲ್ಲ. ಎಲ್ಲರೂ ಮನೇಲೇ ಇದ್ರು, ಕರೆಯೋದು ಯಾರನ್ನ?

ಆಮೇಲೆ ಒಂದು ಬೇಸಿಗೇಲಿ ಅಪ್ಪ ತೀರ್ಕೊಂಡ. ತಿಥಿ ಮುಗೀತು. ಆ ಜನದಲ್ಲಿ ಅಪ್ಪನ ರುಮಾಲು ಹಿರೀ ಮಗನ ತಲೆಗೆ ಸುತ್ತೋ ವಾಡಿಕೆ. ಆದ್ರೆ ಅಪ್ಪನ ರುಮಾಲು ಹಳೇ ಹತ್ತೀದು, ಕೆಂಪು ಬಣ್ಣದ್ದು, ಒಗೆದೂ ಒಗೆದೂ ಜಾಳುಜಾಳಾಗಿತ್ತು. ಕನಕಪ್ಪ ಅದನ್ನ ನೋಡಿ, ಊರಿನವರ ಮುಂದೆ ಇದನ್ನ ಸುತ್ಕೊಂಡು ಹೆಂಗೆ ಕೂರ್ಲಿ ಅಂತ ಹೊಸ ರುಮಾಲು ತರಿಸ್ಕೊಂಡ. ಹಳೇದು ಗೂಟದಲ್ಲೇ ಉಳೀತು. ಹುಲಿಗೆವ್ವಂಗೆ ಅವತ್ತೇ ಹೊಟ್ಟೆ ಒಳಗೆ ಕೆಂಡ ಬಿತ್ತಂತೆ.

ಆಮೇಲೆ ಮಳೆಗಾಲ ಹತ್ರ ಬಂತು. ಅಣ್ಣಂದಿರಿಗೆ ಮದುವೆ ಆಗಿತ್ತು, ಹೆಂಡತಿಯರೆಲ್ಲ ದಡದ ಊರವರು. ಮೂವರೂ ಕೂತು ಮಾತಾಡ್ಕೊಂಡು, ತಂಗೀ, ಇನ್ನು ಈ ಮರಳಲ್ಲಿ ಏನಿದೆ, ನಡಿ ಎಲ್ಲರೂ ದಡಕ್ಕೆ ಹೋಗೋಣ ಅಂದ್ರಂತೆ. ಅಪ್ಪ ಬೆವರು ಸುರಿಸಿದ ಜಾಗ, ನಾನು ಬಿಡಲ್ಲ ಅಂದ್ಲು ಇವಳು. ಅವರು ಒಂದು ಮಾತಂದ್ರು, ಇವಳು ಹತ್ತು ಮಾತಂದ್ಲು. ಅಪ್ಪನ ರುಮಾಲು ಬೇಡವಾದವರಿಗೆ ತಂಗಿ ಯಾಕೆ ಬೇಕು ಅಂದ್ಲು. ಅಷ್ಟಕ್ಕೇ ನಿಲ್ಲಿಸ್ಲಿಲ್ಲ ನೋಡು, ಓಡಿಹೋಗಿ ಹೊಳೆಗೆ ಇಳಿದು ಬೊಗಸೆ ತುಂಬ ನೀರು ತಗೊಂಡು, ಈ ಹೊಳೆ ಆಣೆ, ನಾನಾಗಿ ಬಾವುಟ ಏರಿಸಿ ಕರೆಯೋ ತನಕ ನಿಮ್ಮ ಪಾದ ಈ ಮರಳಿನ ಮೇಲೆ ಬೀಳಕೂಡದು ಅಂತ ಅಂದು ನೀರು ಬಿಟ್ಟುಬಿಟ್ಲಂತೆ.

ಅಂಬಿಗರ ಮಕ್ಕಳು ಬೇರೆ ಯಾವ ಆಣೆ ಮೀರಿದ್ರೂ ಹೊಳೆ ಆಣೆ ಮೀರಲ್ಲ. ಮೀರಿದ್ರೆ ಹರಿಗೋಲು ನಡುನೀರಲ್ಲಿ ಮುಗುಚುತ್ತೆ ಅಂತ ಅವರ ನಂಬಿಕೆ. ಮೂವರ ಮುಖವೂ ಬಿಳಿಚಿಕೊಳ್ತು. ಹುಲಿಗೆವ್ವಂಗೂ ಆ ಮಾತು ಬಾಯಿಂದ ಬಿದ್ದ ಮೇಲೇ ಅದರ ಭಾರ ತಿಳಿದಿದ್ದು, ಆದ್ರೆ ತಿಳೀತು ಅಂತ ತೋರಿಸ್ಕೊಳ್ತಾಳಾ? ಗಲ್ಲ ಎತ್ಕೊಂಡು ನಿಂತಿದ್ಲು.

ಆಮೇಲೆ ಅಣ್ಣಂದಿರು ಹೊರಡೋ ಮುಂಚೆ ತಂಗಿ ಕೈಗೆ ಒಂದೊಂದು ವಸ್ತು ಕೊಟ್ರು. ಹಿರಿಯಣ್ಣ ಕನಕಪ್ಪ ಕೊಟ್ಟಿದ್ದು ಗುಡಾರದ ದಪ್ಪ ಬಟ್ಟೆ, ನಾಲ್ಕು ಜನ ಮಲಗೋವಷ್ಟು ಅಗಲ. ಬಾವುಟ ಅಂದ್ರೆ ಇದು ನೋಡು, ಇದಕ್ಕಿಂತ ದೊಡ್ಡದು ಏಳೂರಲ್ಲಿ ಇಲ್ಲ, ಕರೀಬೇಕು ಅನ್ನಿಸಿದ ದಿನ ಇದನ್ನ ಏರಿಸು ಅಂದ. ನಡುವಿನಣ್ಣ ಯಮನೂರಪ್ಪ ಸ್ವಲ್ಪ ಶೋಕಿ ಮನುಷ್ಯ, ಅವನು ಕೊಟ್ಟಿದ್ದು ಗಿಳಿಹಸಿರು ರೇಷ್ಮೆ, ಅಂಚಿಗೆ ಜರಿ, ಉಸಿರು ಬಿಟ್ರೆ ಸಾಕು ಹಾರೋವಷ್ಟು ನಯ. ದೊಡ್ಡದಲ್ಲ, ಒಂದು ಕೈವಸ್ತ್ರದಷ್ಟು. ಕಿರಿಯಣ್ಣ ದುರಗಪ್ಪ ಮಾತಾಡೋನೇ ಅಲ್ಲ. ಅವನು ಹರಿಗೋಲಿಗೆ ಚರ್ಮ ಹೊಲಿಯೋ ತನ್ನ ದಬ್ಬಣ ತೆಗೆದು ಗೂಡಲ್ಲಿ ಇಟ್ಟು, ಕಣ್ಣೊರೆಸ್ಕೊಂಡು ಹೋಗಿ ಹರಿಗೋಲಲ್ಲಿ ಕೂತ. ನೋಡು ಇವನ ಬುದ್ಧಿ, ತಂಗಿಗೆ ಸೂಜಿ ಕೊಟ್ಟು ಹೋಗ್ತಾನೆ ಅಂತ ಹುಲಿಗೆವ್ವಂಗೆ ಇನ್ನೂ ಉರೀತು. ಇದ್ದ ಒಂದೇ ಹರಿಗೋಲು ತಿರುಗ್ತಾ ತಿರುಗ್ತಾ ಸಣ್ಣದಾಯ್ತು, ಆಮೇಲೆ ಕಾಣದೇ ಹೋಯ್ತು.

ಹೂಂ ಅನ್ನು. ಹಾಂ.

ಆಮೇಲೆ ಮಳೆ ಬಂತು, ಹೊಳೆ ತುಂಬ್ತು, ಕೆಂಪು ನೀರು ದಿಬ್ಬದ ಬುಡಕ್ಕೆ ಬಂದು ನಿಂತ್ಕೊಳ್ತು. ಹೊಳೆ ತುಂಬಿದಾಗ ಯಾರೂ ಹರಿಗೋಲು ಬಿಡಲ್ಲ, ಬಾವುಟ ಏರಿಸಿದ್ರೂ ಬಿಡಲ್ಲ. ಆ ಮಳೆಗಾಲ ಪೂರ್ತಿ ಹುಲಿಗೆವ್ವ, ಎರಡು ಮೇಕೆ, ಮತ್ತೆ ಆ ನೀರಿನ ಸದ್ದು, ಇಷ್ಟೇ. ಮೊದಲು ಕೋಪ ಇತ್ತು, ಕೋಪ ಒಳ್ಳೇ ಜೊತೆ ಕೊಟ್ಟಿತು. ಆಮೇಲೆ ಕೋಪ ಸವೀತಾ ಬಂತು. ಸವೆದು ಹೋದ ಮೇಲೆ ಒಳಗೆ ಏನೂ ಉಳೀಲಿಲ್ಲವಂತೆ. ಎರಡು ತುತ್ತಿನ ಅನ್ನ ಮಾಡ್ಕೊಳ್ಳೋದು, ಉಣ್ಣೋಕೆ ಕೂತ್ರೆ ಆ ಎರಡು ತುತ್ತೂ ಇಳೀತಿರಲಿಲ್ಲ. ನಾಗರ ಪಂಚಮಿ ದಿನ ದಡದ ಊರಲ್ಲಿ ಜೋಕಾಲಿ ಕಟ್ಟಿರ್ತಾರೆ, ಅಣ್ಣಂದಿರು ತಂಗೀರನ್ನ ಕರೆತಂದು ಬೆಲ್ಲದ ಉಂಡಿ ಕೊಡ್ತಾರೆ ಅಂತ ನೆನೆಸ್ಕೊಂಡು, ಮೇಕೆ ಕುತ್ತಿಗೆ ತಬ್ಕೊಂಡು ಅತ್ಲಂತೆ. ಮೇಕೆ ಅವಳ ಸೆರಗು ತಿಂತಾ ಇತ್ತು.

ಮಳೆ ಹಿಂದಾಗಿ ಹೊಳೆ ಇಳಿದ ಮೇಲೆ ಹುಲಿಗೆವ್ವ ಕಲ್ಲಂಗಡಿ ಬೀಜ ಊರಿದ್ಲು. ಹಕ್ಕಿ ಕಾಯೋಕೆ ಒಂದು ಬೆದರುಬೊಂಬೆ ಮಾಡಿದ್ಲು, ಎರಡು ಕೋಲು, ಒಂದು ಮಡಕೆ. ಮಡಕೆ ತಲೆ ಬರೀದಾಗಿ ಕಂಡ್ತು. ಗೂಟದಲ್ಲಿದ್ದ ಅಪ್ಪನ ರುಮಾಲು ತಂದು ಅದಕ್ಕೆ ಸುತ್ತಿದ್ಲಂತೆ, ಅಪ್ಪ ಸುತ್ಕೊಳ್ತಿದ್ದ ಹಾಗೇ, ತುದಿ ಒಂದು ಬದಿ ಇಳಿಬಿಟ್ಟು. ಸುತ್ತಿ ಹಿಂದೆ ಸರಿದು ನೋಡಿದ್ರೆ ಅಪ್ಪನೇ ಬಳ್ಳಿ ಮಧ್ಯೆ ನಿಂತ ಹಾಗಿತ್ತು. ಅವತ್ತಿಂದ ಅವಳು ಅದರ ಹತ್ರ ಮಾತಾಡೋಕೆ ಶುರು ಮಾಡಿದ್ಲು. ಅಪ್ಪಾ, ಇವತ್ತು ಹೂ ಬಿಟ್ಟಿದೆ. ಅಪ್ಪಾ, ಇವತ್ತು ಹೀಚು ಕಚ್ಚಿದೆ. ಅಪ್ಪಾ, ಅವರು ಊಟ ಮಾಡಿರ್ತಾರಾ? ಯಾರಿಗೂ ಕೇಳದೇ ಇರೋ ಮಾತು ಎಷ್ಟು ದಿನ ಆಡ್ತೀಯ ಹೇಳು. ಒಂದು ದಿನ ಅವಳಿಗೇ ಅವಳ ದನಿ ಬೇರೆ ಯಾರದ್ದೋ ಅನ್ನಿಸ್ತಂತೆ.

ಸಾಕು, ಕರೆದೇಬಿಡೋಣ, ಮಾನ ಹೋದ್ರೆ ಹೋಗ್ಲಿ ಅಂದ್ಕೊಂಡು, ಹಿರಿಯಣ್ಣನ ಗುಡಾರದ ಬಟ್ಟೆ ತೆಗೆದ್ಲು. ಎತ್ತೋಕೆ ಹೋದ್ರೆ ಸೊಂಟ ಹಿಡ್ಕೊಳ್ತು. ಹಗ್ಗಕ್ಕೆ ಕಟ್ಟಿ ಎಳೆದೂ ಎಳೆದೂ ಅಂಗೈ ಬೊಬ್ಬೆ ಬಂತು, ಅಂತೂ ಕಂಬದ ತುದಿಗೆ ಏರಿಸಿದ್ಲು. ಏರಿದ್ದೇನೋ ಏರ್ತು, ಆದ್ರೆ ಹಾರಬೇಕಲ್ಲ? ಹೊಳೆ ಗಾಳಿ ಬಂತು, ಆ ಬಟ್ಟೆ ಮೂತಿ ಕೂಡ ಅಲ್ಲಾಡಿಸ್ಲಿಲ್ಲ. ಮುನಿಸ್ಕೊಂಡ ಎಮ್ಮೆ ಥರ ಕಂಬಕ್ಕೆ ಅಂಟ್ಕೊಂಡು ನೇತಾಡ್ತು. ರಾತ್ರಿ ಇಬ್ಬನಿ ಕುಡಿದು ಇನ್ನೂ ಭಾರ ಆಗೋದು. ಇವಳು ದಿಬ್ಬದ ಅಂಚಲ್ಲಿ ಕೂತು ದಡ ನೋಡ್ತಾನೇ ಇದ್ಲು. ಯಾರೂ ಬರ್ಲಿಲ್ಲ. ಆಮೇಲೆ ಒಂದು ಸಾಯಂಕಾಲ ಎಲ್ಲಿತ್ತೋ ಏನೋ, ಧೂಳು ಎಬ್ಬಿಸ್ಕೊಂಡು ಬಿರುಗಾಳಿ ಬಂತು. ಆಗ ಹಾರ್ತು ನೋಡು ಆ ಬಟ್ಟೆ! ಪೂರ್ತಿ ಬಿಚ್ಕೊಂಡು ಧಡ್ ಅಂತ ಒಂದು ಸಲ ಎಳೀತು, ಕಂಬ ಲಟಕ್ ಅಂತ ನಡುವಿಗೇ ಮುರಿದು, ಬಟ್ಟೆ ಹೋಗಿ ಹೊಳೇಲಿ ಬಿತ್ತು. ಒಂದೇ ಒಂದು ಸಲ ಹಾರಿದ್ದು. ಅಂಥ ಗಾಳೀಲಿ ದಡದಲ್ಲಿ ನರಪಿಳ್ಳೆ ಇರುತ್ತಾ?

ಅದೆಲ್ಲ ಅವಳಿಗೆ ಎಲ್ಲಿ ಹೊಳೀಬೇಕು. ಇಷ್ಟು ದೊಡ್ಡ ಬಾವುಟ ಏರಿಸಿದ್ರೂ ಬರ್ಲಿಲ್ಲ, ದೊಡ್ಡಣ್ಣಂಗೆ ನಾನು ಬೇಡವಾದೆ ಅಂತ ಅವಳ ಮನಸ್ಸಿಗೆ ಕೂತ್ಕೊಂಡುಬಿಡ್ತು.

ಆಮೇಲೆ ಹೊಳೆ ತೇಲಿಸ್ಕೊಂಡು ಬಂದ ಒಂದು ಬಿದಿರು ಮರಳಲ್ಲಿ ಸಿಕ್ತು. ಅದನ್ನ ನೆಟ್ಟು ಹೊಸ ಕಂಬ ಮಾಡಿದ್ಲು. ಮೊದಲಿನಷ್ಟು ದಪ್ಪ ಇಲ್ಲ, ಬಳುಕ್ತಿತ್ತು. ಈ ಸಲ ರೇಷ್ಮೆ ಏರಿಸಿದ್ಲು. ಅಬ್ಬಬ್ಬಬ್ಬ, ಎಷ್ಟು ಚೆಂದ ಹಾರ್ತು ಅಂತೀಯ! ಗಾಳಿ ಇದ್ರೂ ಹಾರೋದು, ಇಲ್ಲದಿದ್ರೂ ಹಾರೋದು, ಜರಿ ಮಿರಮಿರ ಅನ್ನೋದು. ಹುಲಿಗೆವ್ವ ಕಂಬದ ಬುಡದಲ್ಲೇ ಕೂತು ತಲೆ ಎತ್ಕೊಂಡು ನೋಡಿ, ಇನ್ನೇನು ಬಂದೇ ಬಂದ ನಮ್ಮ ಯಮನೂರಣ್ಣ ಅಂತ ಗುಡಿಸಲು ಸಾರಿಸಿದ್ಲು, ರಂಗೋಲಿ ಹಾಕಿದ್ಲು, ಹಣ್ಣಾದ ಕಲ್ಲಂಗಡೀಲಿ ದೊಡ್ಡದು ನೋಡಿ ಎತ್ತಿಟ್ಲು. ಹಣ್ಣು ಕಾದೂ ಕಾದೂ ಕೊಳೆತು ಹೋಯ್ತು. ಇನ್ನೊಂದು ಎತ್ತಿಟ್ಲು, ಅದೂ ಕೊಳೀತು. ಅಷ್ಟರಲ್ಲಿ ಬಿಸಿಲಿಗೆ ರೇಷ್ಮೆ ಹಸಿರು ಹೋಗಿ ಬೂದಿ ಬಣ್ಣ ಬಂತು, ಹಾರೋ ತುದಿ ಎಳೆ ಎಳೆಯಾಗಿ ಬಿಚ್ಕೊಂಡು, ಅರ್ಧ ಬಟ್ಟೆ ಗಾಳಿ ಪಾಲಾಯ್ತು. ನಡುವಿನಣ್ಣಂಗೂ ನಾನು ಬೇಡ ಅಂದ್ಲು ಹುಲಿಗೆವ್ವ. ಈ ಸಲ ಅಳ್ಲಿಲ್ಲವಂತೆ. ಅಳು ಬರದೇ ಇದ್ದಿದ್ದು ನೋಡಿ ಅವಳಿಗೇ ಹೆದರಿಕೆ ಆಯ್ತಂತೆ.

ಕೇಳ್ತಿದೀಯಾ? ಕಣ್ಣು ಮುಚ್ಕೊಂಡೇ ಕೇಳು, ಪರವಾಗಿಲ್ಲ.

ಆಮೇಲೆ ಬೇಸಿಗೆ ಮುಗೀತಾ ಬಂತು. ದೂರದಲ್ಲಿ ಗುಡುಗು ಶುರುವಾಯ್ತು. ಇನ್ನೇನು ಹೊಸ ನೀರು ಬಂದ್ರೆ ಹೊಳೆ ಬಾಗಿಲು ಹಾಕ್ಕೊಂಡ ಹಾಗೇ, ಮತ್ತೆ ಆ ಮಳೆಗಾಲ, ಮತ್ತೆ ಆ ನೀರಿನ ಸದ್ದು. ಇನ್ನೊಂದು ಮಳೆಗಾಲ ಒಬ್ಬಳೇ ಕಳೆಯೋಕೆ ನನ್ನಿಂದ ಆಗಲ್ಲ ಅಪ್ಪಾ ಅಂತ ಬೆದರುಬೊಂಬೆಗೆ ಹೇಳಿದ್ಲಂತೆ. ಅದೇನು ಹೇಳುತ್ತೆ, ಮಡಕೆ.

ಅವತ್ತೇ ಒಂದು ಮೇಕೆ ಹಗ್ಗ ಕಿತ್ಕೊಂಡು ಓಡಿಹೋಯ್ತು. ಹುಡುಕ್ತಾ ಹುಡುಕ್ತಾ ಇವಳು ನಡುಗಡ್ಡೆ ಬಾಲದ ತುದಿಗೆ ಬಂದ್ಲು, ಬಾವುಟ ಏರಿಸಿದ ಮೇಲೆ ಒಂದು ಸಲವೂ ಅಷ್ಟು ದೂರ ಬಂದೋಳಲ್ಲ. ಮೇಕೆ ಅಲ್ಲೇ ಮರಳಂಚಿನ ಹುಲ್ಲು ಮೇಯ್ತಿತ್ತು. ಕಿವಿ ಹಿಡ್ಕೊಂಡು ಹಿಂದಕ್ಕೆ ತಿರುಗಿ ಮನೆ ಕಡೆ ನೋಡ್ತಾಳೆ, ಗುಡಿಸಲು ಕಾಣುತ್ತೆ, ಕಂಬ ಗೀರು ಎಳೆದ ಹಾಗೆ ಕಾಣುತ್ತೆ, ಬಾವುಟ ಇಲ್ಲ! ಯಾರೋ ಬಿಚ್ಕೊಂಡು ಹೋದ್ರು ಅಂದ್ಕೊಂಡ್ಲು. ಕಣ್ಣು ಉಜ್ಜಿ ನೋಡಿದ್ಲು, ಹಣೆಗೆ ಕೈ ಅಡ್ಡ ಇಟ್ಟು ನೋಡಿದ್ಲು, ಇಲ್ಲ. ಒಂದೇ ಉಸಿರಿಗೆ ಓಡಿ ಹತ್ತಿರ ಬಂದ್ರೆ, ಅಲ್ಲೇ ಇದೆ, ಹಾರ್ತಾ ಇದೆ. ಮತ್ತೆ ಬಾಲದ ತುದಿಗೆ ಹೋದ್ಲು. ಇಲ್ಲ. ಕಂಬದಿಂದ ದಡಕ್ಕಿರೋ ದೂರ ಈ ನಡುಗಡ್ಡೆ ಉದ್ದಕ್ಕಿಂತ ಒಂದು ಕೈ ಹೆಚ್ಚೇ ಹೊರತು ಕಮ್ಮಿ ಇಲ್ಲ.

ಅಯ್ಯೋ, ನನ್ನ ಕಣ್ಣಿಗೇ ಕಾಣದೇ ಇದ್ದಿದ್ದು ಅವರ ಕಣ್ಣಿಗೆ ಹೇಗೆ ಕಾಣುತ್ತೆ ಅಂತ ಅಲ್ಲೇ ಮರಳಲ್ಲಿ ಕುಕ್ಕರಿಸಿದ್ಲಂತೆ ಹುಲಿಗೆವ್ವ. ಇಷ್ಟು ದಿನ ನಾನು ಬಾವುಟ ನೋಡಿದ್ದೆಲ್ಲ ಕಂಬದ ಬುಡದಲ್ಲಿ ಕೂತು. ಅವರು ಇರೋದು ಬುಡದಲ್ಲಾ? ಕರೆದೆ ಕರೆದೆ ಅಂದ್ಕೊಂಡೆ, ಒಂದು ಸಲವೂ ಕರೆದೇ ಇರಲಿಲ್ಲವಲ್ಲ! ಆಗ ಬಂತಂತೆ ಅಳು, ಮೇಕೆನೂ ಮೇಯೋದು ಬಿಟ್ಟು ನೋಡೋ ಹಾಗೆ.

ಅತ್ತು ಮುಗಿಸಿ ತಲೆ ಎತ್ತಿದ್ರೆ, ಅಷ್ಟು ದೂರದಿಂದ ಅವಳ ಕಣ್ಣಿಗೆ ಒಂದು ಕೆಂಪು ಚುಕ್ಕೆ ಕಂಡ್ತು. ಬಳ್ಳಿ ಮಧ್ಯೆ, ಅಲ್ಲಾಡ್ತಾ ಇತ್ತು. ಏನದು ಅಂತ ನೋಡ್ತಾಳೆ, ಬೆದರುಬೊಂಬೆ ತಲೆ ಮೇಲಿನ ಅಪ್ಪನ ರುಮಾಲು. ಗಿಳಿಹಸಿರು ಮರಗಿಡದ ಹಸಿರಲ್ಲಿ ಸೇರಿಹೋಗಿತ್ತು, ಬೂದಿ ಬಣ್ಣ ಮೋಡದಲ್ಲಿ ಸೇರಿಹೋಗಿತ್ತು, ಆ ಮಾಸಿದ ಕೆಂಪು ಮಾತ್ರ ಯಾವುದರಲ್ಲೂ ಸೇರದೇ ನಿಂತಿತ್ತು.

ಆಮೇಲೆ ಓಡಿಬಂದು ಬೆದರುಬೊಂಬೆ ಮುಂದೆ ನಿಂತ್ಲು. ಕೈ ಮುಂದೆ ಹೋಗ್ಲಿಲ್ಲ. ಯಾಕೆ ಅಂದ್ರೆ ಆ ಸೀಮೇಲಿ ಹಿರಿಯರನ್ನ ಬರಿದಲೇಲಿ ನಿಲ್ಲಿಸೋದು ಅಂದ್ರೆ ದೊಡ್ಡ ಅವಮಾನ. ಅಲ್ದೇ ಆ ರುಮಾಲು ಬಿಚ್ಚಿದ್ರೆ ಅಪ್ಪ ಅಪ್ಪನಾಗಿ ಉಳಿಯಲ್ಲ, ಎರಡು ಕೋಲು ಒಂದು ಮಡಕೆ ಆಗ್ತಾನೆ. ಇಷ್ಟು ದಿನ ಅವಳ ಮಾತು ಕೇಳಿದ್ದು ಅದೊಂದೇ. ಅವರು ಬರ್ತಾರೋ ಇಲ್ವೋ ಗೊತ್ತಿಲ್ಲ, ಇದನ್ನ ಕಳ್ಕೊಳ್ಳೋದಂತೂ ಗ್ಯಾರಂಟಿ. ನಿಂತ್ಲು, ನಿಂತ್ಲು, ಸೂರ್ಯ ವಾಲೋ ತನಕ ನಿಂತ್ಲು. ಆಮೇಲೆ, ಅಪ್ಪಾ, ನಿನ್ನ ಮಕ್ಕಳನ್ನ ಕರೆಯೋಕೆ ಕೇಳ್ತಿದೀನಿ ಕೊಡು ಅಂತ ಕೈಮುಗಿದು ಬಿಚ್ಚಿದ್ಲಂತೆ.

ಬಟ್ಟೆ ಸಿಕ್ತು ಅಂದ್ರೆ ಬಾವುಟ ಆಯ್ತು ಅಂತಲ್ಲ ಮಗಾ. ರುಮಾಲು ಅಂದ್ರೆ ಹಾವಿನ ಥರ ಉದ್ದ. ಇದ್ದ ಹಾಗೇ ಏರಿಸಿದ್ಲು, ಎರಡು ಗಾಳಿ ಬೀಸೋದ್ರೊಳಗೆ ಕಂಬಕ್ಕೆ ಸುತ್ಕೊಂಡು ಕೂತ್ಕೊಳ್ತು. ಇಳಿಸಿ, ಎರಡು ಮಡಿಕೆ ಮಾಡಿ ಏರಿಸಿದ್ಲು, ತುದಿ ಹೋಗಿ ಗುಡಿಸಲ ಸೂರಿಗೆ ಸಿಕ್ಕಿಹಾಕ್ಕೊಳ್ತು, ಬಿದಿರೂ ಬಗ್ತು. ದೊಡ್ಡಣ್ಣನ ಬಟ್ಟೆ ಹೇಗೆ ಕಂಬ ಮುರೀತು ಅನ್ನೋದು ಆಗ ಜ್ಞಾಪಕ ಬಂತು. ಕಂಬ ಹೊರೋವಷ್ಟೇ ಬಟ್ಟೆ ಹಾಕ್ಬೇಕು, ನಮ್ಮ ಆಸೆ ಇದ್ದಷ್ಟು ಹಾಕೋಕಾಗಲ್ಲ ಅಂದ್ಕೊಂಡು, ಕಂಬದುದ್ದದ ಹಗ್ಗ ತಗೊಂಡು ನಾಲ್ಕು ಮಡಿಕೆ ಮಾಡಿದ್ಲು. ಒಂದು ಮಡಿಕೆಯಷ್ಟು ಉದ್ದ ರುಮಾಲು ಹಿಡಿದು ನೋಡಿದ್ಲು. ಅದು ಸರಿಯಾಗಿ ಹಾರ್ತು, ಕಂಬ ಸುಮ್ಮನಿತ್ತು. ಆದ್ರೆ ರುಮಾಲಿನ ಅಗಲ ಸಾಲ್ದು, ದೂರಕ್ಕೆ ಲಾಡಿ ಥರ ಕಾಣುತ್ತೆ. ಆಗ ಏನು ಮಾಡ್ಬೇಕು? ಕತ್ತರಿಸ್ಬೇಕು. ಅಪ್ಪನ ರುಮಾಲನ್ನ ಕಣ್ಣಿಗೆ ಒತ್ಕೊಂಡು ಕುಡುಗೋಲು ಹಾಕಿದ್ಲಂತೆ. ಮೂರು ತುಂಡು ಮಾಡಿ, ಒಂದರ ಕೆಳಗೆ ಒಂದು ಸೇರಿಸಿ ಇಟ್ಲು. ಸೇರಿಸಿ ಹೊಲಿಯೋಕೆ ಏನಿದೆ?

ಗೂಡಲ್ಲಿ ದಬ್ಬಣ ಇತ್ತು. ಜ್ಞಾಪಕ ಇದೆಯಾ ನಿಂಗೆ, ಆ ಮಾತಾಡದೇ ಇರೋ ಅಣ್ಣ ಇಟ್ಟು ಹೋಗಿದ್ದು? ಅದನ್ನ ತಗೊಂಡು ಹುಲಿಗೆವ್ವ ಸೆರಗಲ್ಲಿ ಒರೆಸಿದ್ಲಂತೆ. ಆಮೇಲೆ ಪುಂಡಿ ಗಿಡದ ನಾರು ಹೊಸೆದು ದಾರ ಮಾಡಿ ಹೊಲಿದ್ಲು. ರೇಷ್ಮೆ ಎಲ್ಲಿಂದ ಬಿಚ್ಕೊಂಡಿತ್ತು ಅಂತ ನೋಡಿದ್ಲಲ್ಲ, ಗಾಳಿ ಬಟ್ಟೇನ ತಿನ್ನೋದು ಹಾರೋ ತುದಿಯಿಂದ, ಅದಕ್ಕೇ ಆ ಅಂಚು ಎರಡು ಸಲ ಮಡಚಿ ಒತ್ತಾಗಿ ಹೊಲಿಗೆ ಹಾಕಿದ್ಲು. ಕಂಬದ ಕಡೆ ಅಂಚಿಗೆ ಹಗ್ಗವನ್ನೇ ಒಳಗೆ ಸೇರಿಸಿ ಹೊಲಿದ್ಲು, ಎಳೆದ್ರೆ ಹಗ್ಗ ಎಳೀಲಿ ಬಟ್ಟೆ ಹರೀಬಾರ್ದು ಅಂತ. ಒಂದು ಗೇಣು ತುಂಡು ಉಳೀತು. ಅದನ್ನ ಬೆದರುಬೊಂಬೆ ತಲೆಗೆ ಸುತ್ತಿ, ಬರಿದಲೇಲಿ ಬಿಡ್ಲಿಲ್ಲ ನೋಡಪ್ಪಾ ಅಂದ್ಲು.

ಏರಿಸಿದ್ಲು. ಮೇಕೆ ಕಟ್ಟಿ ಹಾಕಿ, ಈ ಸಲ ಬುಡದಲ್ಲಿ ಕೂರ್ಲಿಲ್ಲ, ಸೀದಾ ಬಾಲದ ತುದಿಗೆ ಹೋಗಿ ತಿರುಗಿ ನೋಡಿದ್ಲು. ಕಂಡ್ತು! ಎಷ್ಟು ಚೆನ್ನಾಗಿ ಕಂಡ್ತು ಅಂದ್ರೆ ಯಾರೋ ತನ್ನನ್ನೇ ಕರೀತಿದಾರೆ ಅನ್ನಿಸ್ತಂತೆ. ಜಾಳು ಬಟ್ಟೆ, ಅರ್ಧ ಗಾಳಿ ಒಳಗಿಂದ ಹೊರಟು ಹೋಗೋದು, ಅರ್ಧ ಗಾಳಿ ಅದನ್ನ ಎತ್ತಿ ಹಿಡಿಯೋದು. ತುಂತುರು ಬಂದು ನೆನೆದ್ರೂ ಎಲೆ ಅಡಿಕೆ ಹಾಕ್ಕೊಳ್ಳೋಷ್ಟರಲ್ಲಿ ಒಣಗಿ ಮತ್ತೆ ಹಾರೋದು.

ಆಮೇಲೆ ಕಾದ್ಲು. ಮೊದಲ ದಿನ ಮೋಡ ಹೊಳೆ ಮೇಲೇ ಇಳಿದು ದಡವೇ ಕಾಣ್ಲಿಲ್ಲ. ಎರಡನೇ ದಿನ ಒಂದು ಎಲೆ ಅಲ್ಲಾಡೋವಷ್ಟೂ ಗಾಳಿ ಇಲ್ಲ, ಬಾವುಟ ಸಪ್ಪಗೆ ನಿಂತಿತ್ತು. ಮೂರನೇ ದಿನ ಬೆಳಗ್ಗೆ ನೀರಿಗೆ ಹೋದ್ರೆ ಕೊಡದಲ್ಲಿ ಕೆಂಪು ನೀರು ಬಂತು. ಹೊಸ ನೀರು. ಮೇಲೆಲ್ಲೋ ಮಳೆ ಆಗಿದೆ, ಇವತ್ತೋ ನಾಳೆಯೋ ಹೊಳೆ ತುಂಬುತ್ತೆ. ಹುಲಿಗೆವ್ವ ಕೊಡ ಅಲ್ಲೇ ಇಟ್ಟು ಕೂತ್ಕೊಂಡ್ಲು. ಬರದೇ ಹೋದ್ರೆ ಈ ಸಲ ಕಾಣಿಸ್ಲಿಲ್ಲ ಅಂತ ಸಮಾಧಾನ ಮಾಡ್ಕೊಳ್ಳೋಕೂ ಆಗಲ್ಲ, ಕಂಡೂ ಬರ್ಲಿಲ್ಲ ಅಂತಲೇ ಅರ್ಥ. ಅದನ್ನ ತಿಳ್ಕೊಂಡು ಬದುಕೋದು ಹೇಗೆ ಅಂತ ಯೋಚನೆ ಮಾಡ್ತಾ ಕೂತಿದ್ಲಂತೆ ಪಾಪ.

ಮಧ್ಯಾಹ್ನ ಗಾಳಿ ಎದ್ದಿತು. ರುಮಾಲು ಪೂರ್ತಿ ಬಿಚ್ಕೊಂಡು ಹಾರ್ತು. ಆಮೇಲೆ ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಏನೋ ಕರೀದು, ತಿರುಗ್ತಾ, ತಿರುಗ್ತಾ, ಒಂದು ಸಲ ಕಾಣುತ್ತೆ ಒಂದು ಸಲ ಮುಳುಗಿದ ಹಾಗಾಗುತ್ತೆ. ಹರಿಗೋಲು! ಒಳಗೆ ಮೂರು ತಲೆ. ಮೂವರೂ ಸೇರಿ ಹುಟ್ಟು ಹಾಕ್ತಿದಾರೆ, ಆ ಕೆಂಪು ನೀರಿಗೆ ಎದುರಾಗಿ.

ಬಂದ್ರು, ಬಂದ್ರು, ಮರಳಿಗೆ ಎರಡು ಮಾರು ಇರೋವಾಗ ನಿಲ್ಲಿಸಿಬಿಟ್ರು. ಇಳೀಲಿಲ್ಲ. ಆಣೆ ಇದೆಯಲ್ಲ. ಕನಕಪ್ಪ ಹುಟ್ಟು ನೀರಿಗೆ ಊರಿ ಹಿಡ್ಕೊಂಡು ಅಲ್ಲಿಂದಲೇ ಕೇಳಿದ್ನಂತೆ, ತಂಗೀ, ನಮ್ಮನ್ನ ಕರೆದಿದೀಯಾ, ಇಲ್ಲಾ ಅಪ್ಪನ ರುಮಾಲು ಒಣಗೋಕೆ ಹಾಕಿದೀಯಾ? ಅಷ್ಟು ದಿನ ಮಡಕೆ ಹತ್ರ ಮಾತಾಡಿದ ಹುಲಿಗೆವ್ವಂಗೆ, ಮನುಷ್ಯರಿಗೆ ಹೇಗೆ ಉತ್ತರ ಹೇಳೋದು ಅಂತಲೇ ಮರೆತುಹೋಗಿತ್ತೋ ಏನೋ. ಸೊಂಟದ ಮಟ್ಟ ನೀರಿಗೆ ಇಳಿದು, ಹರಿಗೋಲಿನ ಅಂಚು ಹಿಡಿದು, ಮೂರೂ ಜನ ಅಣ್ಣಂದಿರ ಸಮೇತ ಎಳ್ಕೊಂಡು ಬಂದು ಮರಳಿಗೆ ಹಾಕಿದ್ಲಂತೆ!

ಆಮೇಲೆ ಬಂತು ಮಾತು. ಬೈಗುಳವೇ ಮೊದಲು ಬಂತು ಅನ್ನು. ಎರಡು ಸಲ ಕರೆದೆ, ಇಣುಕಿ ನೋಡ್ಲಿಲ್ಲ, ಮೂರನೇ ಸಲಕ್ಕೆ ಬಂದ್ರಾ ಅಂದ್ಲು. ಅವರು ಮುಖ ಮುಖ ನೋಡ್ಕೊಂಡು, ಮೂರನೇ ಸಲವಾ, ನಮಗೆ ಕಂಡಿದ್ದು ಇದೇ ಮೊದಲನೇದು ತಂಗೀ ಅಂದ್ರು. ದಿನಾ ಸಾಯಂಕಾಲ ಮೂವರೂ ದಡಕ್ಕೆ ಬಂದು ನಿಲ್ತಿದ್ರಂತೆ. ಗುಡಾರದ ಬಟ್ಟೆ ಏರಿಸಿದಾಗ, ಇದೇನು ಕಂಬ ದಪ್ಪ ಆಯ್ತಲ್ಲ ಅಂದ್ಕೊಂಡ್ರಂತೆ. ರೇಷ್ಮೆ ಹಾರಿದಾಗ, ಕಂಬ ಬೋಳಾಗೇ ಇದೆ ಅಂದ್ಕೊಂಡ್ರಂತೆ. ಒಲೆ ಹೊಗೆ ಎದ್ದಿದ್ದು ನೋಡಿ, ಸದ್ಯ ಉಂಡ್ಲು, ನಮ್ಮ ಮೇಲಿನ ಸಿಟ್ಟು ಮಾತ್ರ ಇಳೀಲಿಲ್ಲ ಅಂತ ಮನೆಗೆ ಹೋಗ್ತಿದ್ರಂತೆ. ಅವರೂ ಅಲ್ಲಿ ಒಬ್ಬೊಬ್ಬರೇ ಆಗಿಬಿಟ್ಟಿದ್ರು, ಮನೆ ತುಂಬ ಜನ ಇದ್ರೂ.

ಆಗ ಆ ಮಾತೇ ಆಡದ ದುರಗಪ್ಪ ಬಾಯಿ ಬಿಟ್ನಂತೆ. ಬಳ್ಳಿ ಮಧ್ಯೆ ಒಂದು ಕೆಂಪು ಚುಕ್ಕೆ ಕಾಣ್ತಿತ್ತು, ಅದನ್ನ ನೋಡ್ದಾಗೆಲ್ಲ ಅಪ್ಪ ಇನ್ನೂ ಹೊಲದಲ್ಲೇ ನಿಂತಿದಾನೆ ಅಂತ ಒಂದು ಧೈರ್ಯ. ನಿನ್ನೆ ನೋಡ್ತೀನಿ, ಚುಕ್ಕೆ ಇಲ್ಲ. ಅಪ್ಪ ಎಲ್ಲಿ ಹೋದ ಅಂತ ಗಾಬರಿಯಾಗಿ ಇವತ್ತು ಮಧ್ಯಾಹ್ನಕ್ಕೇ ಬಂದು ತಲೆ ಎತ್ತಿದೆ, ಅಪ್ಪ ಕಂಬದ ಮೇಲೆ ನಿಂತು ಬನ್ರೋ ಅಂತ ಕೈ ಬೀಸ್ತಿದ್ದ ಅಂದ. ಅಷ್ಟು ಕೇಳಿ ಕನಕಪ್ಪ ತಲೆ ಮೇಲಿದ್ದ ಹೊಸ ರುಮಾಲು ತೆಗೆದು, ಮಕ್ಕಳ ಥರ ಮುಖ ಮುಚ್ಕೊಂಡು ಅತ್ನಂತೆ. ಹುಲಿಗೆವ್ವ ಹೊಳೆಗೆ ಇಳಿದು, ಬೊಗಸೆ ನೀರು ತಗೊಂಡು, ನಾನು ಕೊಟ್ಟ ಆಣೆ ನಾನೇ ವಾಪಸ್ ತಗೊಂಡೆ ತಾಯೀ ಅಂತ ನೀರು ಬಿಟ್ಲಂತೆ.

ಆಮೇಲೆ ಹೊಳೆ ತುಂಬೋ ಮುಂಚೆ ಮೇಕೆ, ಕಲ್ಲಂಗಡಿ, ಹುಲಿಗೆವ್ವ ಎಲ್ಲಾ ಹರಿಗೋಲಲ್ಲಿ ದಡಕ್ಕೆ ಹೋದ್ವು. ಮಳೆಗಾಲ ಪೂರ್ತಿ ದಡದಲ್ಲಿ, ಪಂಚಮಿಗೆ ಜೋಕಾಲಿ, ಉಂಡಿ. ಮಳೆ ಮುಗಿದ ಮೇಲೆ ಎಲ್ಲರೂ ಸೇರಿ ನಡುಗಡ್ಡೆಗೆ, ಕಲ್ಲಂಗಡಿಗೆ. ಆ ಬಾವುಟ ಮಾತ್ರ ಇಳಿಸ್ಲೇ ಇಲ್ಲವಂತೆ. ತುದಿ ಸವೆದ್ರೆ ಮಡಚಿ ಮತ್ತೆ ಹೊಲಿಯೋದು, ಬಣ್ಣ ಹೋದ್ರೆ ಮತ್ತೆ ಅದ್ದೋದು. ಯಾರನ್ನೂ ಕರೆಯೋಕಲ್ಲ, ನಾವಿದೀವಿ ಅಂತ ಹೇಳೋಕೆ.

ಏನಂದೆ? ನಿದ್ದೆ ಬಂತು ಅಂದ್ಕೊಂಡಿದ್ದೆ ನಾನು. ಏನು, ನಿನ್ನೆ ಬಾಗಿಲಲ್ಲಿ ನಿಂತು ರತ್ನಿ ಕಡೆ ನೋಡಿ ನಕ್ಕಿದ್ದೀಯಾ, ಅವಳು ನಗ್ಲಿಲ್ವಾ? ಎಷ್ಟು ನಕ್ಕೆ, ತೋರಿಸು ನೋಡೋಣ. ಇಷ್ಟೇನಾ? ಅಯ್ಯೋ ನನ್ನವ್ವಾ, ಪಕ್ಕದಲ್ಲೇ ಮಲಗಿರೋ ನಂಗೇ ಕಾಣ್ತಿಲ್ಲ, ಇನ್ನು ಆ ಮನೆ ತನಕ ಹೋಗುತ್ತಾ ಅದು? ನಾಳೆ ಇನ್ನೊಂದು ಚೂರು ದೊಡ್ಡದಾಗಿ ನಗು. ಈಗ ಕಣ್ಣು ಮುಚ್ಚು. ಹರಿಗೋಲು ದಡ ಸೇರ್ತು, ಕತೆ ಅಲ್ಲಿಗೆ ಮುಗೀತು, ನೀನೂ ನಿದ್ದೆ ದಡ ಸೇರು.